ದೆವ್ವ ಹೇಳಿದ್ದಕ್ಕೆ ವೋಚರ್ ಎಲ್ಲಿ?

ಮೈಸೂರಿನ ಕುವೆಂಪುನಗರದ ಒಂದು ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು. ಪುಸ್ತಕದ ಬೆಲೆಯಲ್ಲಿ ನೂರಕ್ಕೆ 10 ಬಾಡಿಗೆ, 15 ದಿನ ಗಡುವು, ಆಮೇಲೆ ದಿನಕ್ಕೆ 2 ರೂಪಾಯಿ ದಂಡ. ಕೆಲಸ ಸುಲಭ ಅನ್ನಿಸುತ್ತದೆ. "ಯಾವುದಾದರೂ ಒಳ್ಳೇದು ಕೊಡಿ" ಅಂತ ಜನ ಕೇಳುತ್ತಾರೆ, ನಾವು ಕೊಡುತ್ತೇವೆ. ಓದದೇ ಇರುವ ಪುಸ್ತಕವನ್ನೂ ಓದಿದವರ ಹಾಗೆ ಮುಖ ಮಾಡಿಕೊಂಡು ಕೊಡುತ್ತೇವೆ. ಕಪಾಟಿನ ತುಂಬ ಸಾವಿರಾರು ಪುಸ್ತಕ ಇರುವಾಗ ಇನ್ನೇನು ಮಾಡೋದು, ಅಲ್ವಾ?

ನಾನು ಸಿಕ್ಕಿಬಿದ್ದದ್ದು ಹೋದ ಆಷಾಢದಲ್ಲಿ.

ನಮ್ಮಲ್ಲಿಗೆ ಬರುವ ಒಬ್ಬ ಮೇಡಂ ಖಜಾನೆಯಲ್ಲಿ ಮೂವತ್ತು ವರ್ಷ ಬಿಲ್ಲು ನೋಡಿ ನಿವೃತ್ತರಾದವರು. ಹುಡುಗಿಯಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವರು. ನರಸಿಂಹಯ್ಯನವರು ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ನೀವು ಎಷ್ಟು ಓದಿದ್ದೀರಿ ಅಂದರೆ "ಸಿಕ್ಕಷ್ಟೂ" ಅನ್ನುತ್ತಾರೆ. ಈಗ ಇಂಗ್ಲಿಷ್ ಪತ್ತೇದಾರಿಗೆ ಬಂದಿದ್ದಾರೆ. ಅವತ್ತು "ರಕ್ತ ಕಮ್ಮಿ ಇರೋದು ಕೊಡಪ್ಪಾ, ರಾತ್ರಿ ನಿದ್ದೆ ಬರಬೇಕು" ಅಂದರು. ನಾನು ಮುಖಪುಟ ನೋಡಿ ಒಂದನ್ನು ತೆಗೆದುಕೊಟ್ಟೆ. ಟೀ ಅಂಗಡಿ, ಕಿಟಕಿಯಲ್ಲಿ ಕರಿ ಬೆಕ್ಕು, ಬೆಕ್ಕಿನ ಹಿಂದೆ ಮಸುಕಾಗಿ ಒಂದು ದೆವ್ವ. ಅದೂ ನಗುಮುಖದ ದೆವ್ವ.

ಇಂಥ ಕಾದಂಬರಿಗೆ ಕೋಝಿ ಮಿಸ್ಟರಿ ಅನ್ನುತ್ತಾರೆ. ಚಿಕ್ಕ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಕೊಲೆ ಆಗುತ್ತದೆ, ಆದರೆ ನಮ್ಮ ಕಣ್ಣೆದುರು ಆಗುವುದಿಲ್ಲ. ಪತ್ತೆ ಮಾಡುವವರು ಪೊಲೀಸರಲ್ಲ. ಬೇಕರಿಯವರೋ, ಲೈಬ್ರರಿಯವರೋ, ಉಲ್ಲನ್ ದಾರ ಮಾರುವವರೋ. ಎಷ್ಟೋ ಪುಸ್ತಕಗಳ ಕೊನೆಯಲ್ಲಿ ಕೇಕ್ ಮಾಡುವ ವಿಧಾನವೂ ಇರುತ್ತದೆ. ಇದಕ್ಕೆ ದೆವ್ವವನ್ನೋ ಮಾಟಗಾತಿಯನ್ನೋ ಮಾತಾಡುವ ಬೆಕ್ಕನ್ನೋ ಸೇರಿಸಿದರೆ ಪ್ಯಾರಾನಾರ್ಮಲ್ ಕೋಝಿ. ಇಷ್ಟು ನನಗೆ ಗೊತ್ತಿತ್ತು. ಆ ಪುಸ್ತಕ ಗೊತ್ತಿರಲಿಲ್ಲ.

ನಾಲ್ಕೇ ದಿನಕ್ಕೆ ವಾಪಸ್ ತಂದರು. "ಚೆನ್ನಾಗಿಲ್ಲ" ಅಂತ ಮೇಜಿನ ಮೇಲಿಟ್ಟರು. ನಾನು ಅಂಗಡಿಯವನ ಬುದ್ಧಿ ತೋರಿಸಿದೆ. 40 ರೂಪಾಯಿ ಬಾಡಿಗೆ ಬೇಡ ಅಂದೆ, ಅದೇ ಸರಣಿಯ ಎರಡನೇ ಪುಸ್ತಕ ಕೈಗಿಟ್ಟೆ. "ಮೊದಲನೇದು ಸ್ವಲ್ಪ ನಿಧಾನ ಮೇಡಂ, ಎರಡನೇದರಿಂದ ರುಚಿ ಹತ್ತುತ್ತೆ" ಅಂತ ಬೇರೆ ಹೇಳಿದೆ. ಈ ಮಾತು ಎಲ್ಲಿಂದ ಬಂತೋ! ಎರಡನ್ನೂ ನಾನು ತೆರೆದೇ ನೋಡಿರಲಿಲ್ಲ.

ಅದು ಎರಡೇ ದಿನಕ್ಕೆ ವಾಪಸ್ ಬಂತು. "ಚೆನ್ನಾಗಿಲ್ಲ ಅಂದೆ. ಏನು ಚೆನ್ನಾಗಿಲ್ಲ ಅಂತ ನೀನು ಕೇಳಲೇ ಇಲ್ಲ ಕಣಪ್ಪಾ."

ನಿಜ, ಕೇಳಿರಲಿಲ್ಲ. "ಯಾವ ಪುಟದಲ್ಲಿ ಬೇಜಾರಾಯ್ತು ಮೇಡಂ?" ಅಂದೆ.

ಸ್ಟೂಲ್ ಎಳೆದುಕೊಂಡು ಕೂತರು. ಮೊದಲನೇ ಪುಸ್ತಕ ಓದುವಾಗ ಬರೆದಿಟ್ಟುಕೊಂಡ ಒಂದು ಚೀಟಿಯನ್ನು ಪರ್ಸಿನಿಂದ ತೆಗೆದರು. ಒಂದು ಕಡೆ ಹಾಲಿನ ಲೆಕ್ಕ, ಇನ್ನೊಂದು ಕಡೆ ಕೊಲೆಯ ಲೆಕ್ಕ. ಪುಟ 63, ಹಿತ್ತಲ ಬಾಗಿಲ ಬೀಗ ಬದಲಾಗಿದೆ. ಪುಟ 118, ಬಿಸಿಲು ದಿನದಲ್ಲಿ ಬೂಟಿಗೆ ಕೆಸರು. ಪುಟ 171, ವಕೀಲರ ಕಾಗದದಲ್ಲಿ ತಾರೀಖಿಲ್ಲ. ಕೊಲೆಗಾರ ಇವನೇ ಇರಬೇಕು ಅಂತ ಒಬ್ಬನ ಹೆಸರಿನ ಕೆಳಗೆ ಗೆರೆಯನ್ನೂ ಎಳೆದಿದ್ದರು.

"ಈ ಮೂರೂ ಕೊನೆಗೆ ಲೆಕ್ಕಕ್ಕೇ ಬರಲಿಲ್ಲ. ಕೊನೇ ಅಧ್ಯಾಯದಲ್ಲಿ ದೆವ್ವ ಬಂದು ಕೊಂದವನು ಯಾರು ಅಂತ ಹೇಳಿಬಿಡ್ತು. ಪತ್ತೆ ಮಾಡಬೇಕಿದ್ದ ಹುಡುಗಿ ಹೂಂ ಅಂದಳು. ಪೊಲೀಸಿನವನೂ ಹೂಂ ಅಂದ. ವೋಚರ್ ಇಲ್ಲದೇ ಬಿಲ್ಲು ಪಾಸಾಗೋಯ್ತು!"

ಅಷ್ಟಕ್ಕೇ ಬಿಡಲಿಲ್ಲ. "ಪುಟ 30ರಲ್ಲಿ ಏನು ಹೇಳಿದ್ದಾರೆ? ದೆವ್ವ ಟೀ ಅಂಗಡಿ ಬಿಟ್ಟು ಆಚೆ ಹೋಗೋಕಾಗಲ್ಲ ಅಂತ. ಪುಟ 240ರಲ್ಲಿ ನೋಡಿದರೆ ಪೊಲೀಸ್ ಸ್ಟೇಷನ್ನಲ್ಲಿ ಕೂತಿದೆ. ಅದಕ್ಕೆ ರಜಾ ಮಂಜೂರು ಮಾಡಿದವರು ಯಾರು? ಅವನು ಯಾಕೆ ಕೊಂದ ಅನ್ನೋಕೆ ಅರ್ಧ ಪುಟ. ಸ್ಕೋನ್ ಅಂತ ಒಂದು ಥರ ಬನ್ನು, ಅದನ್ನ ಮಾಡೋದು ಹೇಗೆ ಅನ್ನೋಕೆ ನಾಲ್ಕು ಪುಟ." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು, "ಸ್ಕೋನ್ ಚೆನ್ನಾಗಿ ಬಂತು, ಅದು ಬೇರೆ ಮಾತು."

ಇವರಿಗೆ ದೆವ್ವದ ಕತೆ ಆಗಿಬರುವುದಿಲ್ಲ ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿದ್ದೆ. ತಪ್ಪು. ದೆವ್ವದ ಮೇಲೆ ಅವರಿಗೆ ಏನೂ ಸಿಟ್ಟಿರಲಿಲ್ಲ. ತಾನು ಮಾಡಬೇಕಾದ ಕೆಲಸವನ್ನು ಲೇಖಕಿ ದೆವ್ವದ ತಲೆಗೆ ಕಟ್ಟಿದ್ದಕ್ಕೆ ಸಿಟ್ಟು. ಅವತ್ತು ರಾತ್ರಿ ಪುಸ್ತಕವನ್ನು ಮನೆಗೆ ಒಯ್ದು ನಾನೂ ಓದಿದೆ. ಮೇಡಂ ಲೆಕ್ಕದಲ್ಲಿ ಒಂದು ಪುಟವೂ ತಪ್ಪಿರಲಿಲ್ಲ.

ಓದುತ್ತಾ ನಮ್ಮಜ್ಜಿ ನೆನಪಾದರು. ಮಂಡ್ಯ ಕಡೆಯವರು. ಅವರ ಕತೆಯ ದೆವ್ವ ವಿ.ಸಿ. ನಾಲೆ ಏರಿಯ ಹುಣಸೇ ಮರದಲ್ಲಿತ್ತು. ಅದರ ಪಾದ ಹಿಂದುಮುಂದು. ಕಬ್ಬಿಣ ಕಂಡರೆ ಆಗದು. ನಾಲೆ ದಾಟುವಂತಿಲ್ಲ, ಕೋಳಿ ಕೂಗಿದ ಮೇಲೆ ಇರುವಂತಿಲ್ಲ. ಒಂದು ರಾತ್ರಿ ಅಜ್ಜಿ ತೂಕಡಿಸುತ್ತಾ ದೆವ್ವವನ್ನು ನಾಲೆ ದಾಟಿಸಿಬಿಟ್ಟರು. ಮೊಮ್ಮಕ್ಕಳೆಲ್ಲ ಒಟ್ಟಿಗೆ ಕೂಗಿದೆವು, "ಅಜ್ಜೀ, ಅದು ದಾಟಂಗಿಲ್ಲ!" ಅಜ್ಜಿಗೆ ನಿದ್ದೆ ಹಾರಿಹೋಯ್ತು. ಸೇತುವೆ ಮೇಲೆ ಎತ್ತಿನ ಲಾಳ ಬಿದ್ದಿತ್ತಂತೆ, ಅದನ್ನು ನೋಡಿ ಹೆದರಿ ಅರ್ಧ ದಾರಿಯಿಂದ ವಾಪಸ್ ಬಂತಂತೆ. ಈ ಟೀ ಅಂಗಡಿಯ ಲೇಖಕಿಗೆ ಹಾಗೆ ಕೂಗುವ ಮೊಮ್ಮಕ್ಕಳು ಇರಲಿಲ್ಲ ಅನ್ನಿಸುತ್ತದೆ.

ಇದು ಹಳೇ ಜಗಳವೇ. ರೊನಾಲ್ಡ್ ನಾಕ್ಸ್ ಅಂತ ಒಬ್ಬ ಇಂಗ್ಲಿಷ್ ಪಾದ್ರಿ ಇದ್ದರು, ಅವರೂ ಪತ್ತೇದಾರಿ ಕತೆ ಬರೆಯುತ್ತಿದ್ದರು. 1929ರಲ್ಲಿ ಇಂಥ ಕತೆಗಳಿಗೆ ಹತ್ತು ಕಟ್ಟಳೆ ಹಾಕಿದರು. ದೆವ್ವ, ಮಾಯೆ, ಮಂತ್ರಕ್ಕೆ ಅದರಲ್ಲಿ ಜಾಗವೇ ಇಲ್ಲ. ಗುಪ್ತ ದಾರಿ ಮಾತ್ರ ಒಂದು ಇದ್ದರೆ ಪರವಾಗಿಲ್ಲವಂತೆ, ಎರಡು ಇರಬಾರದಂತೆ! ಮರುವರ್ಷ ಲಂಡನ್ನಿನಲ್ಲಿ ಶುರುವಾದ ಡಿಟೆಕ್ಷನ್ ಕ್ಲಬ್ಬಿನಲ್ಲಿ ಅಗಾಥಾ ಕ್ರಿಸ್ಟಿ ಕೂಡ ಇದ್ದರು. ದೈವವಾಣಿಯಿಂದಲೋ ಕಾಕತಾಳೀಯದಿಂದಲೋ ಕೊಲೆ ಪತ್ತೆ ಮಾಡಿಸುವುದಿಲ್ಲ ಅಂತ ಅಲ್ಲಿ ಪ್ರಮಾಣ ಮಾಡಿಸುತ್ತಿದ್ದರು. ನನಗೆ ಪಾದ್ರಿ ಸ್ವಲ್ಪ ಜಾಸ್ತಿಯೇ ಬಿಗಿ ಅನ್ನಿಸುತ್ತದೆ. ದೆವ್ವ ಇರಲಿ ಬಿಡಿ. ಅರ್ಧ ಮಾತು ಹೇಳಲಿ, ಸುಳ್ಳು ಹೇಳಲಿ, ತಾನು ಸತ್ತ ದಿನದ ಒಂದು ಸಂಗತಿ ಮರೆತಿರಲಿ. ಅದನ್ನು ಕೆಸರು ಬೂಟಿಗೂ ಹೊಸ ಬೀಗಕ್ಕೂ ಜೋಡಿಸುವ ಕೆಲಸ ಬದುಕಿರುವವರದ್ದು.

ಅಂದಿನಿಂದ "ಹೇಗಿತ್ತು?" ಅಂತ ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಜನ ಸುಮ್ನೆ ಮರ್ಯಾದೆಗೆ "ಪರವಾಗಿಲ್ಲ" ಅನ್ನುತ್ತಾರೆ. "ಎಲ್ಲಿ ನಿಲ್ಲಿಸಿದಿರಿ?" ಅಂದರೆ ನಿಜ ಬಾಯಿಗೆ ಬರುತ್ತದೆ. ಹೇಳಿದ್ದನ್ನು ಚೀಟಿಯಲ್ಲಿ ಬರೆದು ಪುಸ್ತಕದ ಮೊದಲ ಪುಟಕ್ಕೆ ಅಂಟಿಸುತ್ತೇನೆ. "ಮಾಲಿನ ಮೇಲೆ ನೀನೇ ದೋಷ ಬರೆದರೆ ಯಾರು ಒಯ್ಯುತ್ತಾರೆ?" ಅಂತ ಯಜಮಾನರು ಗೊಣಗಿದರು. ಟೀ ಅಂಗಡಿ ಪುಸ್ತಕದ ಚೀಟಿಯಲ್ಲಿ ಹೀಗಿತ್ತು: "ಕೊಲೆಗಾರ ಯಾರು ಅಂತ ದೆವ್ವವೇ ಹೇಳುತ್ತದೆ. ಬೆಕ್ಕು ಚೆನ್ನಾಗಿದೆ."

ಮಾನಸಗಂಗೋತ್ರಿಯಲ್ಲಿ ಓದುವ ಒಬ್ಬ ಹುಡುಗಿ ಆ ಚೀಟಿ ನೋಡಿಯೇ ಪುಸ್ತಕ ತೆಗೆದುಕೊಂಡಳು. "ಎಕ್ಸಾಮ್ ಇದೆ ಸಾರ್, ತಲೆ ಓಡಿಸೋದು ಬೇಡ. ಬೆಕ್ಕು ಸಾಕು." ಮುಂದಿನ ವಾರ ಸರಣಿಯ ಉಳಿದವನ್ನೆಲ್ಲ ಒಟ್ಟಿಗೆ ಒಯ್ದಳು. ಯಜಮಾನರು ಆಮೇಲೆ ಗೊಣಗಲಿಲ್ಲ.

ಮೇಡಂಗೆ ಮೂರನೇ ಸಲ ನಾನು ಪೂರ್ತಿ ಓದಿದ ಒಂದನ್ನೇ ಕೊಟ್ಟೆ. ಅದರಲ್ಲೂ ದೆವ್ವ ಇದೆ, ಮೊದಲೇ ಹೇಳಿದೆ. 15 ದಿನ ಕಳೆದರೂ ಬರಲಿಲ್ಲ. ನನಗೆ ಒಳಗೊಳಗೇ ಭಯ. ಹತ್ತೊಂಬತ್ತನೇ ದಿನ ಛತ್ರಿ ಕೊಡವುತ್ತಾ ಬಂದರು.

"ಎಲ್ಲಿ ನಿಲ್ಲಿಸಿದಿರಿ ಮೇಡಂ?"

"ನಿಲ್ಲಿಸಲಿಲ್ಲ. ಎರಡು ಸಲ ಓದಿದೆ. ನಾಲ್ಕು ಬರೆದಿಟ್ಟುಕೊಂಡಿದ್ದೆ, ಮೂರು ತಾಳೆ ಆಯ್ತು. ಇನ್ನೊಂದು ನನ್ನದೇ ತಪ್ಪು."

ದಂಡ 8 ರೂಪಾಯಿ ಆಗಿತ್ತು. ಬೇಡ ಅಂದೆ. ಒಪ್ಪಲಿಲ್ಲ. ಎಣಿಸಿ ಕೊಟ್ಟು, ರಸೀದಿ ಬರೆಸಿಕೊಂಡು ಹೋದರು.