ಕೋಬಾಲ್ಟ್ ಕ್ಲೋರೈಡಿಗಾಗಿ ಇನ್ನೊಂದು ಇಲಿ ಬೇಕಾ?

ಕೋಬಾಲ್ಟ್ ಕ್ಲೋರೈಡ್ ಹೊಟ್ಟೆಗೆ ಹೋದರೆ ಎಷ್ಟು ವಿಷ? ಒಂದೇ ಉತ್ತರ ಸಿಗುತ್ತದೆ ಅಂತ ಹುಡುಕಲು ಕೂತರೆ ತಲೆ ಕೆಡುತ್ತದೆ. ಒಂದು ಕಡೆ ಕೆಜಿ ತೂಕಕ್ಕೆ 766 ಮಿಲಿಗ್ರಾಂ ಅಂತ ಇರುತ್ತದೆ, ಇನ್ನೊಂದು ಕಡೆ 418, ಮತ್ತೊಂದು ಕಡೆ 190, ಆಮೇಲೆ ಎಲ್ಲೋ 42.4. ಎಲ್ಲವೂ ಇಲಿಗೆ ಬಾಯಿಯ ಮೂಲಕ ಕೊಟ್ಟು ಕಂಡುಕೊಂಡ ಎಲ್‌ಡಿ50. ಅಂದರೆ ಒಂದೇ ಸಲಕ್ಕೆ ಕೊಟ್ಟಾಗ ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣ. ಇಷ್ಟು ಅಂಕಿಗಳನ್ನು ನೋಡಿದವರು ಸಹಜವಾಗಿಯೇ "ಡೇಟಾ ಗೊಂದಲ ಇದೆ, ನಾವೇ ಹೊಸದಾಗಿ ಒಂದು ಟೆಸ್ಟ್ ಮಾಡಿಸೋಣ" ಅನ್ನುತ್ತಾರೆ. ಬೆಂಗಳೂರಿನ ಲ್ಯಾಬೊಂದರಲ್ಲಿ ಇದೇ ಕೆಲಸ ಮಾಡಿರುವ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಆ ಗೊಂದಲದ ಮುಕ್ಕಾಲು ಪಾಲು ಕ್ಯಾಲ್ಕುಲೇಟರಿನಲ್ಲೇ ಬಗೆಹರಿಯುತ್ತದೆ.

ಕೋಬಾಲ್ಟ್ ಕ್ಲೋರೈಡ್ ಹೆಚ್ಚಾಗಿ ಎರಡು ರೂಪದಲ್ಲಿ ಸಿಗುತ್ತದೆ. ನೀರಿಲ್ಲದ್ದು ನೀಲಿ. ಆರು ನೀರಿನ ಅಣು ಸೇರಿಸಿಕೊಂಡದ್ದು ಗುಲಾಬಿ. ಕರೆಂಟಿನ ಟ್ರಾನ್ಸ್‌ಫಾರ್ಮರಿಗೆ ತಗುಲಿಸಿರುವ ಬ್ರೀದರ್ ಡಬ್ಬಿಯಲ್ಲಿ ನೀಲಿ ಹರಳುಗಳು ತೇವ ಕುಡಿದು ಗುಲಾಬಿಯಾಗುವುದನ್ನು ನೀವು ನೋಡಿರಬಹುದು. ಆ ಬಣ್ಣ ಬರುವುದು ಸಿಲಿಕಾಗೆ ಹಚ್ಚಿದ ಇದೇ ಉಪ್ಪಿನಿಂದ. ಈಗ ತೂಕ ನೋಡಿ. ನೀಲಿಯದರ ಅಣುತೂಕ ಸುಮಾರು 130, ಗುಲಾಬಿಯದು 238. ಕೋಬಾಲ್ಟಿನದ್ದು ಎರಡರಲ್ಲೂ ಅದೇ 59. ಹಾಗಾಗಿ ನೀಲಿ ಪುಡಿಯಲ್ಲಿ ನೂರಕ್ಕೆ 45 ಪಾಲು ಕೋಬಾಲ್ಟ್ ಇದ್ದರೆ ಗುಲಾಬಿ ಹರಳಿನಲ್ಲಿ 25 ಪಾಲು ಮಾತ್ರ, ಉಳಿದದ್ದು ಕ್ಲೋರಿನ್ ಮತ್ತು ನೀರು.

766 ಅನ್ನುವುದು ಗುಲಾಬಿಯ ಲೆಕ್ಕ. ಅದನ್ನು ನೀಲಿಗೆ ಬದಲಾಯಿಸಿ, 418 ಬರುತ್ತದೆ. ಬರೀ ಕೋಬಾಲ್ಟಿಗೆ ಬದಲಾಯಿಸಿ, 190 ಬರುತ್ತದೆ. ಮೂರೂ ಒಂದೇ ಪ್ರಯೋಗದ ಫಲಿತಾಂಶ! ವಿಸ್ಟಾರ್ ತಳಿಯ ಇಲಿಗಳ ಮೇಲೆ ಮಾಡಿ 1982ರಲ್ಲಿ ಪ್ರಕಟಿಸಿದ್ದು. ಮೂರು ಕಡೆ ಮೂರು ರೀತಿ ಬರೆದು ಯಾವ ರೂಪ ಅಂತ ಹೇಳದೆ ಬಿಟ್ಟರೆ ಓದುವವರು ಇನ್ನೇನು ಮಾಡಬೇಕು?

42.4ರ ಕಥೆ ಬೇರೆ. ಅದೂ ಬರೀ ಕೋಬಾಲ್ಟಿನ ಲೆಕ್ಕವೇ, ಆದರೆ ಸ್ಪ್ರಾಗ್-ಡಾಲಿ ತಳಿಯ ಇಲಿಗಳದ್ದು. 190ಕ್ಕೂ 42.4ಕ್ಕೂ ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ. ಇದು ನಿಜವಾದ ವ್ಯತ್ಯಾಸ, ಕ್ಯಾಲ್ಕುಲೇಟರಿನಿಂದ ಹೋಗುವಂಥದ್ದಲ್ಲ. ಬೇರೆ ಬೇರೆ ಲ್ಯಾಬಿನಲ್ಲಿ ಬೇರೆ ಬೇರೆ ತಳಿ ಬಳಸಿದಾಗ, ಹೊಟ್ಟೆ ಖಾಲಿ ಇತ್ತೋ ತುಂಬಿತ್ತೋ ಅನ್ನುವುದು ಬದಲಾದಾಗ ಇಂಥದ್ದು ಆಗುತ್ತದೆ. ಕೋಬಾಲ್ಟ್ ಕರುಳಿನಲ್ಲಿ ಕಬ್ಬಿಣದ ದಾರಿ ಹಿಡಿದೇ ಒಳಗೆ ಹೋಗುತ್ತದೆ. ದೇಹದಲ್ಲಿ ಕಬ್ಬಿಣ ಕಡಿಮೆ ಇದ್ದರೆ ಹೀರಿಕೆ ಜಾಸ್ತಿ, ಖಾಲಿ ಹೊಟ್ಟೆಯಲ್ಲಿ ಕೊಟ್ಟರೂ ಜಾಸ್ತಿ.

ಲೇಬಲ್ಲಿನ ಮೇಲೆ ಇದರ ಪರಿಣಾಮ ಸಣ್ಣದಲ್ಲ. ಜಿಎಚ್‌ಎಸ್ ಪದ್ಧತಿಯಲ್ಲಿ, ಅಂದರೆ ರಾಸಾಯನಿಕಗಳ ಅಪಾಯವನ್ನು ವರ್ಗ ಮಾಡಿ ಲೇಬಲ್ ಹಾಕುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ, ಕೆಜಿಗೆ 300ರಿಂದ 2000 ಮಿಲಿಗ್ರಾಂ ಒಳಗಿದ್ದರೆ ನಾಲ್ಕನೇ ವರ್ಗ, ಬಾಟಲಿಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ. 50ರಿಂದ 300ರ ಒಳಗಿದ್ದರೆ ಮೂರನೇ ವರ್ಗ, ತಲೆಬುರುಡೆ. ವಿಸ್ಟಾರ್ ಅಂಕಿಯನ್ನು ನೀಲಿಯಲ್ಲಿ ಹೇಳಿ, ಗುಲಾಬಿಯಲ್ಲಿ ಹೇಳಿ, ನಾಲ್ಕನೇ ವರ್ಗವೇ. ಸ್ಪ್ರಾಗ್-ಡಾಲಿ ಅಂಕಿ ನೀಲಿಗೆ ಸುಮಾರು 93, ಗುಲಾಬಿಗೆ 171 ಆಗುತ್ತದೆ, ಎರಡೂ ಮೂರನೇ ವರ್ಗ. ಯುರೋಪಿನ ಪಟ್ಟಿಯಲ್ಲಿ ಇದಕ್ಕೆ ನಾಲ್ಕನೇ ವರ್ಗ ಕೊಟ್ಟಿದ್ದಾರೆ, ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ಹಾಕಿದ್ದಾರೆ. ಆ ನಕ್ಷತ್ರಕ್ಕೆ ಅರ್ಥ ಇದೆ. ಇದು ಕನಿಷ್ಠ ವರ್ಗ, ಇದಕ್ಕಿಂತ ಕಠಿಣವಾದ ವರ್ಗಕ್ಕೆ ಆಧಾರ ನಿಮ್ಮ ಹತ್ತಿರ ಇದ್ದರೆ ಅದನ್ನೇ ಹಾಕಬೇಕು. ಎಷ್ಟೋ ಸುರಕ್ಷತಾ ಹಾಳೆಗಳಲ್ಲಿ ಆ ನಕ್ಷತ್ರವೇ ಮಾಯ.

ಹಾಗಾದರೆ ಹೊಸ ಟೆಸ್ಟ್ ಮಾಡಿದರೆ ಇದು ತೀರ್ಮಾನವಾಗುತ್ತದಾ? ಟೆಸ್ಟ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ನೀವೇ ನೋಡಿ. ಇಂಥ ಟೆಸ್ಟುಗಳಿಗೆ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿಯ 425ನೇ ಮಾರ್ಗಸೂಚಿಯಲ್ಲಿ, ಅಂದರೆ ಏರಿಳಿತದ ವಿಧಾನದಲ್ಲಿ, ಸಾಮಾನ್ಯವಾಗಿ ಹೆಣ್ಣಿಲಿಗಳನ್ನೇ ಬಳಸುತ್ತಾರೆ. ಹಿಂದಿನ ರಾತ್ರಿ ಆಹಾರ ತೆಗೆದುಬಿಡುತ್ತಾರೆ, ನೀರು ಇರುತ್ತದೆ. ಬೆಳಿಗ್ಗೆ ತೂಕ ನೋಡಿ, ಗಂಟಲಿನಿಂದ ನೇರ ಹೊಟ್ಟೆಗೆ ಇಳಿಯುವ, ತುದಿ ಗುಂಡಗಿರುವ ಸೂಜಿಯಿಂದ ದ್ರಾವಣ ಕೊಡುತ್ತಾರೆ. ಮೊದಲೇ ಏನೂ ಗೊತ್ತಿಲ್ಲದಿದ್ದರೆ ಕೆಜಿಗೆ 175 ಮಿಲಿಗ್ರಾಂನಿಂದ ಶುರು. ಆ ಇಲಿ ಬದುಕಿದರೆ ಮುಂದಿನದಕ್ಕೆ 550, ಸತ್ತರೆ 55. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ 48 ಗಂಟೆ ಕಾಯಬೇಕು. ಮೆಟ್ಟಿಲಿಂದ ಮೆಟ್ಟಿಲಿಗೆ ಮೂರು ಪಟ್ಟಿಗಿಂತ ಜಾಸ್ತಿ ಅಂತರ ಇರುವುದರಿಂದ ಕೊನೆಗೆ ಸಿಗುವ ಅಂಕಿಯ ಸುತ್ತ ಅನುಮಾನದ ವಲಯವೂ ಅಗಲವಾಗಿಯೇ ಇರುತ್ತದೆ. ಅಲ್ಲಿಗೆ, 93, 171, 418, 766ರ ಜೊತೆಗೆ ಇನ್ನೊಂದು ಅಂಕಿ ಸೇರಿತು ಅಷ್ಟೇ, ಅಲ್ವಾ?

ಕೊಟ್ಟ ಮೇಲೆ ನೋಡುವ ಕೆಲಸ ದೊಡ್ಡದು. ಮೊದಲ ಅರ್ಧ ಗಂಟೆ, ಆಮೇಲೆ ವಿಶೇಷವಾಗಿ ಮೊದಲ ನಾಲ್ಕು ಗಂಟೆ, ಆಮೇಲೆ 14 ದಿನ ದಿನವೂ ನೋಡಬೇಕು. ನಡುಕ, ಸೆಳೆತ, ಜೊಲ್ಲು, ಭೇದಿ, ಮಂಕು, ಕೋಮಾ, ಎಲ್ಲ ಬರೆದಿಡಬೇಕು. ತುಂಬಾ ನರಳುತ್ತಿರುವ ಪ್ರಾಣಿಯನ್ನು ಹಾಗೇ ಬಿಡುವಂತಿಲ್ಲ, ನೋವಿಲ್ಲದಂತೆ ಮುಗಿಸಬೇಕು. ಕೊನೆಗೆ ಬದುಕಿದ್ದನ್ನೂ ಸತ್ತಿದ್ದನ್ನೂ ಕೊಯ್ದು ಒಳಗಿನ ಅಂಗಗಳನ್ನು ನೋಡಬೇಕು. ನನ್ನ ಪ್ರಕಾರ ಇಡೀ ವರದಿಯಲ್ಲಿ ಹೆಚ್ಚು ಬೆಲೆ ಇರುವುದು ಈ ಟಿಪ್ಪಣಿಗಳಿಗೆ. ಆಸ್ಪತ್ರೆಗೆ ವಿಷ ಕುಡಿದವರನ್ನು ಕರೆತಂದಾಗ ಡಾಕ್ಟರಿಗೆ ಬೇಕಾಗುವುದು ಯಾವ ಲಕ್ಷಣ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅನ್ನುವುದು. ಎಲ್‌ಡಿ50 ಅಂಕಿ ಅದನ್ನು ಹೇಳುವುದಿಲ್ಲ.

ಅಂದಹಾಗೆ ಈ ಎಲ್‌ಡಿ50 ಹುಟ್ಟಿದ್ದೇ ಬೇರೆ ಕಾರಣಕ್ಕೆ. 1927ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಟ್ರೆವನ್ ಇದನ್ನು ಮುಂದಿಟ್ಟಿದ್ದು ಡಿಜಿಟಾಲಿಸ್, ಇನ್ಸುಲಿನ್‌ನಂಥ ಔಷಧಿಗಳ ಒಂದೊಂದು ಬ್ಯಾಚಿನ ಶಕ್ತಿ ಅಳೆಯಲು. ಆಮೇಲೆ ಎಲ್ಲ ರಾಸಾಯನಿಕಕ್ಕೂ ಅದೇ ಅಳತೆಗೋಲಾಯಿತು. ಎಲ್‌ಡಿ50 ಕಂಡುಹಿಡಿಯುವ ಹಳೆಯ ವಿಧಾನವಾದ 401ನೇ ಮಾರ್ಗಸೂಚಿಯನ್ನು ಒಇಸಿಡಿ 2002ರ ಕೊನೆಗೆ ರದ್ದು ಮಾಡಿತು. ಒಳ್ಳೆಯದೇ ಆಯಿತು.

ಕೋಬಾಲ್ಟಿನ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಬೇರೆಯದೇ ಪ್ರಶ್ನೆ. 1965-66ರಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ಬಿಯರ್ ನೊರೆ ಚೆನ್ನಾಗಿ ನಿಲ್ಲಲಿ ಅಂತ ಕೋಬಾಲ್ಟ್ ಉಪ್ಪು ಸೇರಿಸಿದರು. ವಿಪರೀತ ಕುಡಿಯುತ್ತಿದ್ದ 50ರ ಹತ್ತಿರ ಜನರಿಗೆ ಹೃದಯದ ಸ್ನಾಯು ಸೋತುಹೋಯಿತು, ಸುಮಾರು 20 ಜನ ಸತ್ತರು. ಅವರ ಹೊಟ್ಟೆಗೆ ದಿನಕ್ಕೆ ಹೋಗಿದ್ದು ಕೆಲವೇ ಮಿಲಿಗ್ರಾಂ. ಅದಕ್ಕಿಂತ ಜಾಸ್ತಿ ಕೋಬಾಲ್ಟ್ ಕ್ಲೋರೈಡನ್ನು ಆ ಕಾಲದಲ್ಲಿ ರಕ್ತಹೀನತೆಗೆ ಔಷಧಿಯಾಗಿಯೇ ಕೊಡುತ್ತಿದ್ದರು, ಯಾಕಂದರೆ ಅದು ಕೆಂಪು ರಕ್ತಕಣ ಹೆಚ್ಚಿಸುತ್ತದೆ. ದಿನವೂ ಕುಡಿತ, ಸರಿಯಾದ ಊಟ ಇಲ್ಲದ ಮೈ, ಜೊತೆಗೆ ಸ್ವಲ್ಪ ಸ್ವಲ್ಪವೇ ಕೋಬಾಲ್ಟ್, ಇವೆಲ್ಲ ಸೇರಿ ಆದದ್ದು ಅದು. ಚೆನ್ನಾಗಿ ತಿಂದು ಬೆಳೆದ ಇಲಿಗೆ ಒಂದೇ ಸಲ ಕೊಟ್ಟು ಎರಡು ವಾರ ನೋಡಿದರೆ ಇದು ಕಾಣುವುದಿಲ್ಲ. ಅದೇ ಯುರೋಪಿನ ಪಟ್ಟಿಯಲ್ಲಿ ಕೋಬಾಲ್ಟ್ ಕ್ಲೋರೈಡಿಗೆ ಉಸಿರಿನ ಮೂಲಕ ಕ್ಯಾನ್ಸರ್, ಸಂತಾನಶಕ್ತಿಗೆ ಹಾನಿ, ಅಲರ್ಜಿ ಅಂತೆಲ್ಲ ಎಚ್ಚರಿಕೆಗಳಿವೆ. ಕೆಲಸಗಾರರನ್ನು ಕಾಪಾಡಬೇಕಾದ್ದು ಆ ಅಪಾಯಗಳಿಂದ.

ನಮ್ಮಲ್ಲಿ ಪ್ರಾಣಿ ಪ್ರಯೋಗಕ್ಕೆ ಮೊದಲು ಸಂಸ್ಥೆಯ ನೈತಿಕ ಸಮಿತಿಗೆ ಫಾರಂ ಬಿ ಕೊಡಬೇಕು. ಪ್ರಾಣಿ ಯಾಕೆ ಬೇಕು ಅಂತ ಅದರಲ್ಲಿ ಬರೆಯಬೇಕು. ಆ ಜಾಗದಲ್ಲಿ ಸುಮ್ನೆ "ಮಾಹಿತಿ ಸಾಲದು" ಅಂತ ತುಂಬಿಸುವ ಮೊದಲು ಸಿಕ್ಕ ಅಂಕಿಗಳನ್ನೆಲ್ಲ ಬರೀ ಕೋಬಾಲ್ಟಿನ ಲೆಕ್ಕಕ್ಕೆ ತಂದು, ತಳಿ ಯಾವುದು, ಹೊಟ್ಟೆ ಖಾಲಿ ಇತ್ತಾ ಅಂತ ಪಕ್ಕದಲ್ಲಿ ಬರೆದು, ಒಂದು ಕಾಗದದ ಮೇಲೆ ಸಾಲಾಗಿ ಇಡಿ. ಕೋಬಾಲ್ಟ್ ಸಲ್ಫೇಟಿನ ಅಂಕಿಗಳನ್ನೂ ಸೇರಿಸಿ, ಅದೂ ನೀರಿನಲ್ಲಿ ಚೆನ್ನಾಗಿ ಕರಗಿ ಅದೇ ಕೋಬಾಲ್ಟನ್ನೇ ಕೊಡುತ್ತದೆ. ಅನುಮಾನ ಉಳಿದರೆ ಕಠಿಣವಾದ ವರ್ಗ ಆರಿಸಿ ತಲೆಬುರುಡೆಯ ಲೇಬಲ್ ಅಂಟಿಸಿ. ಈ ಕಾಗದ ನಿಮ್ಮ ಹತ್ತಿರ ಇಲ್ಲದಿದ್ದರೆ ಕೇಳಿ, ನಾನು ಮಾಡಿಟ್ಟುಕೊಂಡಿರುವುದನ್ನು ಕಳಿಸುತ್ತೇನೆ.