ಹೊಸ ಅಕ್ಕಿಯ ಹಬ್ಬಗಳು: ಹತ್ತು ತಿಂಗಳ ಟಿಪ್ಪಣಿ

ಕೊಡವರ ಸುಗ್ಗಿ ಹಬ್ಬವಾದ ಪುತ್ತರಿಯಂದು ಕಳೆದ ಬಾರಿ ಆರಂಭಿಸಿದ ಈ ದಾಖಲೆಯ ಕೆಲಸಕ್ಕೆ ಈಗ ಹತ್ತು ತಿಂಗಳು ತುಂಬಿದೆ. ಕೊಡಗು, ಕರಾವಳಿ ಮತ್ತು ಮಲೆನಾಡಿನಲ್ಲಿ ಭತ್ತ ಬೆಳೆಯುವ ಬೇರೆ ಬೇರೆ ಸಮುದಾಯಗಳು ಹೊಸ ತೆನೆಯನ್ನು ಹೇಗೆ ಬರಮಾಡಿಕೊಳ್ಳುತ್ತವೆ ಎಂಬುದನ್ನು ಸಾಧ್ಯವಾದಲ್ಲಿ ಕಣ್ಣಾರೆ ನೋಡಿ, ಆಗದಿದ್ದಲ್ಲಿ ಆಚರಿಸುವವರ ಬಾಯಿಂದಲೇ ಕೇಳಿ ಬರೆದಿಡುವುದು ನನ್ನ ಉದ್ದೇಶ. ಮೊದಲಿಗೆ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಎಲ್ಲ ಹಬ್ಬಗಳ ಹೆಸರನ್ನೂ ಸಾಲಾಗಿ ಬರೆದು, ಮೇಲೆ ‘ಒಂದೇ ಹಬ್ಬ, ಹಲವು ಹೆಸರು’ ಎಂದು ಶೀರ್ಷಿಕೆ ಕೊಟ್ಟಿದ್ದೆ. ಆ ಶೀರ್ಷಿಕೆಯನ್ನು ಕಳೆದ ತಿಂಗಳು ಹೊಡೆದುಹಾಕಿದ್ದೇನೆ. ಅದಕ್ಕೆ ಕಾರಣವನ್ನು ಇಲ್ಲಿ ವಿವರಿಸಬೇಕಾಗಿದೆ.

ಪುತ್ತರಿಯ ರಾತ್ರಿ ಸಹೋದ್ಯೋಗಿಯೊಬ್ಬರ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿದ್ದೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ದೇವಸ್ಥಾನದಲ್ಲಿ ನಿಶ್ಚಯವಾಗುವ ಮುಹೂರ್ತವನ್ನು ಅನುಸರಿಸಿ, ರೋಹಿಣಿ ನಕ್ಷತ್ರದ ಆ ಬೆಳದಿಂಗಳಲ್ಲಿ ಇಡೀ ಒಕ್ಕ, ಅಂದರೆ ಮನೆತನ, ದೀಪ ಹಿಡಿದು ಗದ್ದೆಗೆ ಇಳಿಯಿತು. ಕದಿರು ಕೊಯ್ಯುವಾಗ ಗುಂಡಿನ ಸದ್ದು ಮೊಳಗಿತು, ‘ಪೊಲಿ ಪೊಲಿ ದೇವಾ’ ಎಂಬ ಕೂಗು ಎದ್ದಿತು. ತುಳುನಾಡಿನ ಗದ್ದೆಗಳಲ್ಲಿಯೂ ‘ಪೊಲಿ ಪೊಲಿ ಪೊಲಿ ಎಚ್ಚಡ್’ ಎಂಬ ಮಾತಿದೆ. ಎರಡೂ ಕಡೆ ಪೊಲಿ ಎಂದರೆ ಹೆಚ್ಚಳ, ಸಮೃದ್ಧಿ. ನಮ್ಮ ‘ಹುಲುಸು’ ಎಂಬ ಪದವೂ ಇದೇ ಬಳಗದ್ದು. ಪುತ್ತರಿ ಕನ್ನಡಿಗರ ಬಾಯಲ್ಲಿ ಹುತ್ತರಿಯಾದಂತೆ, ಪೊಸತು ಹೊಸತಾದಂತೆ, ಇಲ್ಲಿಯೂ ಪಕಾರ ಹಕಾರವಾಗಿದೆ. ಈ ನಂಟನ್ನು ಕಂಡುಕೊಂಡ ಸಂತೋಷದಲ್ಲಿಯೇ ನಾನು ಎಲ್ಲವನ್ನೂ ಒಂದೇ ಎಂದು ತೀರ್ಮಾನಿಸಿಬಿಟ್ಟಿದ್ದೆ.

ತುಳುವರ ತೆನೆಹಬ್ಬವಾದ ಕುರಲ್ ಪರ್ಬದ ಬಗ್ಗೆ ನಾನು ಬರೆದುಕೊಂಡಿರುವುದು ಇನ್ನೂ ಕಡಿಮೆ. ತೆನೆಯನ್ನು ಮನೆಗೆ ತಂದು ಎಲೆಗಳೊಂದಿಗೆ ಸೇರಿಸಿ ಕಂಬಕ್ಕೂ ಕೃಷಿ ಸಲಕರಣೆಗಳಿಗೂ ಕಟ್ಟುವ ಕ್ರಮಕ್ಕೆ ‘ಇಲ್ಲ್ ದಿಂಜಾವುನು’, ಅಂದರೆ ಮನೆ ತುಂಬಿಸುವುದು, ಎಂಬ ಸೊಗಸಾದ ಹೆಸರಿದೆ. ಹೊಸ ಅಕ್ಕಿಯ ಊಟ ಪುದ್ವಾರ್ ಬೇರೆಯೇ ದಿನ ನಡೆಯಬಹುದು.

ನನ್ನ ತಿಳಿವಳಿಕೆಯನ್ನು ಬದಲಿಸಿದ್ದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್. ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಕೊಂಕಣಿ ಕ್ರೈಸ್ತ ಕುಟುಂಬದವರು ನನ್ನನ್ನು ಊಟಕ್ಕೆ ಕರೆದಿದ್ದರು. ಮಾತೆ ಮರಿಯಳ ಜನ್ಮದಿನವಾದ ಈ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ದು ಅರ್ಪಿಸುತ್ತಾರೆ. ಹಬ್ಬದ ದಿನ ಪೂಜೆಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲಿ ಬೆರೆಸಿ ಎಲ್ಲರೂ ಸ್ವೀಕರಿಸಿದ ಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ಆ ದಿನ ಏಳಿದ್ದವು. ಚಿಟಿಕೆಯಷ್ಟು ಪುಡಿಯನ್ನು ಆ ಮನೆಯ ಆಂಟಿ ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕುತ್ತಿದ್ದರು. ಯಾರಿಗೆಂದು ಕೇಳಿದಾಗ, ‘ದೊಡ್ಡವನು ಕುವೈತ್‌ನಲ್ಲಿದ್ದಾನಲ್ಲ, ಇದು ಅವನ ಪಾಲು. ಇದು ತಲುಪದೆ ಅವನಿಗೆ ಹಬ್ಬ ಆದಂತಲ್ಲ’ ಎಂದರು.

ಈ ಹಬ್ಬದ ಇತಿಹಾಸವನ್ನು ಓದುತ್ತಾ ಹೋದಂತೆ ನನ್ನ ಶೀರ್ಷಿಕೆ ನನಗೇ ಭಾರವಾಯಿತು. ಇದು ಇಲ್ಲಿ ಜನಪ್ರಿಯವಾದದ್ದು 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ, ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ ಅವರ ಕಾಲದಲ್ಲಿ. ಅಲ್ಲಿಂದ 21 ವರ್ಷಗಳಲ್ಲಿ, 1784ರಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಬದುಕುಳಿದವರು ಊರಿಗೆ ಮರಳಲು 1799ರವರೆಗೆ ಕಾಯಬೇಕಾಯಿತು. ಗದ್ದೆಯನ್ನೂ ಮನೆಯನ್ನೂ ಬಿಟ್ಟು ಹದಿನೈದು ವರ್ಷ ದೂರವಿದ್ದ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಒಂದು ತೆನೆಯ ಕಾಳನ್ನು ದೂರದೇಶದ ಮಗನಿಗೆ ಅಂಚೆಯಲ್ಲಿ ಕಳುಹಿಸುವುದಕ್ಕೂ, ಒಕ್ಕವೆಲ್ಲ ಒಂದೇ ಐನ್‌ಮನೆಯಲ್ಲಿ ಸೇರಿ ಪೂರ್ವಜರ ಗದ್ದೆಗೆ ಇಳಿಯುವುದಕ್ಕೂ ಅರ್ಥ ಒಂದೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಎಲ್ಲ ಹಬ್ಬಗಳೂ ಒಂದೇ ಎನ್ನುವ ಮಾತು ಗೌರವದಂತೆ ಕೇಳಿಸಿದರೂ, ಎದುರಿಗಿರುವವರ ಕಥೆಯನ್ನು ಪೂರ್ತಿ ಕೇಳಿಸಿಕೊಳ್ಳದೆ ಎದ್ದುಹೋಗುವುದಕ್ಕೆ ಅದು ಸುಲಭದ ನೆಪವೂ ಆಗಬಲ್ಲದು ಎಂದು ಈಗ ನನಗನ್ನಿಸುತ್ತದೆ.

ಆದ್ದರಿಂದ ಈಗ ಪ್ರತಿ ಹಬ್ಬಕ್ಕೂ ಪ್ರತ್ಯೇಕ ಪುಟ. ದಿನವನ್ನು ಯಾರು ನಿಶ್ಚಯಿಸುತ್ತಾರೆ, ತೆನೆಯನ್ನು ಯಾರು ಮುಟ್ಟುತ್ತಾರೆ, ಯಾವುದನ್ನು ತಿನ್ನುವುದಿಲ್ಲ, ಬಾರದವರ ಪಾಲನ್ನು ಏನು ಮಾಡುತ್ತಾರೆ ಎಂಬ ಪ್ರಶ್ನೆಗಳನ್ನು ಎಲ್ಲೆಡೆಯೂ ಕೇಳುತ್ತಿದ್ದೇನೆ. ಕೊನೆಯ ಪ್ರಶ್ನೆಯನ್ನು ಕಲಿಸಿದವರು ಆಂಟಿ.

ಇನ್ನೂ ಖಾಲಿ ಉಳಿದಿರುವುದು ನಮ್ಮ ಮನೆಯದೇ ಪುಟ. ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಸೀಗೆ ಹುಣ್ಣಿಮೆಯಂದು ಭೂಮಿ ಹುಣ್ಣಿಮೆ ಆಚರಿಸುತ್ತೇವೆ. ಅದು ಹೊಸ ಅಕ್ಕಿಯ ಹಬ್ಬವಲ್ಲ. ತೆನೆಯೊಡೆಯುತ್ತಿರುವ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವ ಹಬ್ಬ. ಗದ್ದೆಗೆ ಎಡೆ ಒಯ್ಯುವ, ಕೆಮ್ಮಣ್ಣು ಬಳಿದ ಭೂಮಣ್ಣಿ ಬುಟ್ಟಿಯ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೆಯುತ್ತಾರೆ, ರಾತ್ರಿಯಿಡೀ ಅಡುಗೆ ನಡೆಯುತ್ತದೆ, ಬೆಳಗಾಗುವ ಮುನ್ನ ಗದ್ದೆಯ ಸುತ್ತ ಹಲವು ಸೊಪ್ಪುಗಳ ಅಡುಗೆಯಾದ ಹಚ್ಚಂಬಲಿ ಬೀರುತ್ತಾರೆ. ಅಜ್ಜಿ ಹಚ್ಚಂಬಲಿಗೆ ಯಾವ ಯಾವ ಸೊಪ್ಪಿನ ಕುಡಿಗಳನ್ನು ಕೂಡಿಸುತ್ತಿದ್ದರು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಆ ರಾತ್ರಿಗಳಲ್ಲಿ ನಾನು ನಿದ್ದೆಹೋಗಿರುತ್ತಿದ್ದೆ. ಅಜ್ಜಿ ಈಗಿಲ್ಲ. ಅಮ್ಮನಿಗೆ ನೆನಪಿರುವುದು ಮೂವತ್ತರಷ್ಟು ಹೆಸರು ಮಾತ್ರ, ಅವನ್ನು ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದೇನೆ. ಉಳಿದವು ದೊಡ್ಡತ್ತೆಗೆ ಗೊತ್ತಿರಬಹುದೆಂದು ಅಮ್ಮ ಹೇಳಿದ್ದರಿಂದ, ಈ ಹುಣ್ಣಿಮೆಗೆ ನಾಲ್ಕು ದಿನ ಮೊದಲೇ ಊರಿಗೆ ಹೋಗಿ ಅವರ ಜೊತೆ ಸೊಪ್ಪು ಕೊಯ್ಯಲು ಹೊರಡುತ್ತಿದ್ದೇನೆ. ಚಿತ್ತಾರ ಬರೆಯುವ ಕುಂಚಕ್ಕೆ ಬೇಕಾದ ಪುಂಡಿ ನಾರನ್ನು ಅಮ್ಮ ಆಗಲೇ ತೆಗೆದಿಟ್ಟಿದ್ದಾರಂತೆ.