ಎಸ್ಸೆಸ್ಸೆಲ್ಸಿಯಲ್ಲಿ 92, ಪಿಯುಸಿಯಲ್ಲಿ ಏಕೆ ಹೀಗೆ?

ದಾವಣಗೆರೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ನನ್ನಂಥವರ ಮನೆ ಬಾಗಿಲಿಗೆ, ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯ ಅಂಕಗಳು ಬಂದ ವಾರ, ತಪ್ಪದೆ ಒಂದು ಪ್ರಶ್ನೆ ಬರುತ್ತದೆ: "ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 92 ತೆಗೆದಿದ್ದ ಹುಡುಗ ಮೇಷ್ಟ್ರೇ, ಈಗ ಪುಸ್ತಕವನ್ನೇ ಮುಟ್ಟುತ್ತಿಲ್ಲ. ಕಾಲೇಜು ಸರಿಯಿಲ್ಲವೇ?" ವಿದ್ಯಾನಗರದವರೂ ಇದನ್ನೇ ಕೇಳುತ್ತಾರೆ, ಜಗಳೂರಿನಿಂದ ಬಸ್ಸು ಹಿಡಿದು ಬಂದವರೂ ಇದನ್ನೇ ಕೇಳುತ್ತಾರೆ. ಉತ್ತರ ಹೇಳುವ ಮೊದಲು ನಾನು ಹುಡುಗನ ಮುಂದೆ ಹಾಳೆಯಿಟ್ಟು ಎಂಟನೆಯ ತರಗತಿಯ ಮಟ್ಟದ ಒಂದು ಲೆಕ್ಕ ಕೊಡುತ್ತೇನೆ.

ಈಚೆಗೆ ಹಾಗೆ ಕುಳಿತವನಿಗೆ ಕೊಟ್ಟದ್ದು ಇಷ್ಟೇ: ಅಂಶದಲ್ಲಿ ಎಕ್ಸ್ ವರ್ಗ ಮೈನಸ್ 9, ಛೇದದಲ್ಲಿ ಎಕ್ಸ್ ಮೈನಸ್ 3, ಸುಲಭರೂಪಕ್ಕೆ ತಾ. ಅವನು ಮೇಲಿನ ಎಕ್ಸ್ ವರ್ಗಕ್ಕೂ ಕೆಳಗಿನ ಎಕ್ಸ್‌ಗೂ ಗೀಟು ಎಳೆದ, 9ಕ್ಕೂ 3ಕ್ಕೂ ಗೀಟು ಎಳೆದ, ಮೈನಸ್ಸಿಗೆ ಮೈನಸ್ ಪ್ಲಸ್ ಎಂದುಕೊಂಡು "ಎಕ್ಸ್ ಪ್ಲಸ್ 3" ಎಂದು ಬರೆದ. ಉತ್ತರ ಸರಿ! ತಂದೆಯ ಮುಖ ಅರಳಿತು. ಛೇದವನ್ನು ಎಕ್ಸ್ ಪ್ಲಸ್ 3 ಮಾಡಿ, ಅಂಶವನ್ನು ಎಕ್ಸ್ ವರ್ಗ ಪ್ಲಸ್ 9 ಮಾಡಿಕೊಟ್ಟೆ. ಮತ್ತೆ ಎಕ್ಸ್ ಪ್ಲಸ್ 3 ಎಂದೇ ಬರೆದ. ಎಕ್ಸ್‌ಗೆ 1 ಹಾಕಿ ನೋಡು ಎಂದೆ. ಒಂದು ಕಡೆ 10ನ್ನು 4ರಿಂದ ಭಾಗಿಸಿ ಎರಡೂವರೆ ಬಂತು, ಇನ್ನೊಂದು ಕಡೆ 4. ಹುಡುಗ ಪೆನ್ನು ಕೆಳಗಿಟ್ಟ.

ವರ್ಗಗಳ ವ್ಯತ್ಯಾಸದ ಲೆಕ್ಕಗಳಲ್ಲಿ ಈ ಗೀಟು ಎಳೆಯುವ ವಿದ್ಯೆ ಯಾವಾಗಲೂ ಸರಿಯುತ್ತರವನ್ನೇ ಕೊಡುವುದರಿಂದ, ಅವನ ನೋಟ್‌ಬುಕ್ಕಿನಲ್ಲಿ ಅದರ ಪಕ್ಕದಲ್ಲೆಲ್ಲ ಕೆಂಪು ರೈಟ್ ಗುರುತುಗಳೇ ಬಿದ್ದಿರಬೇಕು. ಪ್ರಥಮ ಪಿಯುಸಿಯ ಲಿಮಿಟ್ ಅಧ್ಯಾಯದಲ್ಲಿ ಎಕ್ಸ್ ಘನ ಮೈನಸ್ 27ನ್ನು ಎಕ್ಸ್ ಮೈನಸ್ 3ರಿಂದ ಭಾಗಿಸಿ, ಎಕ್ಸ್ 3ನ್ನು ಸಮೀಪಿಸಿದಾಗ ಬೆಲೆಯೆಷ್ಟು ಎಂದು ಕೇಳಿದರೆ ಉತ್ತರ 27. ಗೀಟಿನ ವಿದ್ಯೆಗೆ ಎಕ್ಸ್ ವರ್ಗ ಪ್ಲಸ್ 9 ಉಳಿದು, ಬರುವುದು 18. ಅವನು ಎಡವಿದ್ದು ಲಿಮಿಟ್‌ನಲ್ಲಿ ಎಂದು ಕಾಲೇಜು ಹೇಳುತ್ತದೆ, ಆದರೆ ಲಿಮಿಟ್ ಅವನಿಗೆ ಅರ್ಥವಾಗಿತ್ತು. ಬಾರದೆ ಉಳಿದದ್ದು ಎಂಟನೆಯ ತರಗತಿಯ ಅಪವರ್ತನ, ಅಂದರೆ ಎಕ್ಸ್ ವರ್ಗ ಮೈನಸ್ 9ನ್ನು ಎಕ್ಸ್ ಮೈನಸ್ 3 ಮತ್ತು ಎಕ್ಸ್ ಪ್ಲಸ್ 3ರ ಗುಣಲಬ್ಧವಾಗಿ ಬಿಡಿಸಿ ಬರೆಯುವುದು.

ಹಾಗಾದರೆ 92 ಹೇಗೆ ಬಂತು? ಎಸ್ಸೆಸ್ಸೆಲ್ಸಿಯಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನದ್ದು, ಅದು ಸಾಮಾನ್ಯವಾಗಿ ಕೈತುಂಬ ಸಿಗುತ್ತದೆ. ಉಳಿದ 80ರಲ್ಲಿ ಥೇಲ್ಸ್ ಪ್ರಮೇಯವನ್ನು ಬಾಯಿಪಾಠ ಮಾಡಬಹುದು, ನಕ್ಷೆ ಎಳೆಯುವ ಲೆಕ್ಕವನ್ನು ಕೈಗೆ ರೂಢಿ ಮಾಡಿಸಬಹುದು, ವರ್ಗ ಸಮೀಕರಣವನ್ನು ಅಪವರ್ತಿಸಲು ಬಾರದಿದ್ದರೆ ಸೂತ್ರಕ್ಕೆ ಹಾಕಿ ಬಿಡಿಸಬಹುದು. ಇದರಲ್ಲಿ ಮೋಸವೇನೂ ಇಲ್ಲ, ಹುಡುಗ ನಿಜವಾಗಿಯೂ ಶ್ರಮಪಟ್ಟಿದ್ದಾನೆ. ತ್ರಿಕೋನಮಿತಿಯದೂ ಇದೇ ಕಥೆ: ಹತ್ತನೆಯಲ್ಲಿ 0, 30, 45, 60, 90 ಡಿಗ್ರಿಗಳ ಕೋಷ್ಟಕ ಬಾಯಿಗೆ ಬಂದರೆ ಬಹುಪಾಲು ಕೆಲಸ ಮುಗಿಯುತ್ತದೆ, ಪಿಯುಸಿಯಲ್ಲಿ ಸೈನ್ 120 ಎಂದೊಡನೆ ಆ ಕೋನವನ್ನು ಕೂರಿಸಲು ಲಂಬಕೋನ ತ್ರಿಭುಜವೇ ಇರುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದದ್ದೇ ಕಾರಣ ಎನ್ನುವವರೂ ಇದ್ದಾರೆ. ಅಪವರ್ತನ ಫ್ಯಾಕ್ಟರ್ ಆಗುವುದಕ್ಕೆ, ಛೇದ ಡಿನಾಮಿನೇಟರ್ ಆಗುವುದಕ್ಕೆ ಎರಡು ಮೂರು ತಿಂಗಳು ಸಾಕು. ಮಾಧ್ಯಮವೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ದೂರು ಇರುವುದು ಒಂಬತ್ತನೆಯ ತರಗತಿಯನ್ನು ನಾವು ನಡೆಸಿಕೊಳ್ಳುವ ರೀತಿಯ ಬಗ್ಗೆ. ಎಕ್ಸ್ ಘನ ಮೈನಸ್ 27ರಂಥ ಬಹುಪದೋಕ್ತಿಗಳು ಬರುವುದು, ಯೂಕ್ಲಿಡ್‌ ಸಾಧನೆಯಿಲ್ಲದೆ ಒಪ್ಪಿಕೊಂಡ ಆಧಾರ ಪ್ರತಿಜ್ಞೆಗಳಿಂದ ಹೊರಟು ಒಂದು ಮಾತನ್ನು ಸಾಧಿಸಿ ತೋರಿಸುವುದೆಂದರೇನು ಎಂದು ಮಗು ಕಲಿಯುವುದು ಆ ವರ್ಷವೇ. ಬೋರ್ಡ್ ಪರೀಕ್ಷೆ ಇಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಓಡಿಸಿಕೊಂಡು ಮುಗಿಸಿ, ಬೇಸಿಗೆ ರಜೆಯಲ್ಲೇ ಹತ್ತನೆಯ ಪಾಠ ಶುರುಮಾಡುವುದು ನಮ್ಮ ಕಡೆ ಹೆಮ್ಮೆಯ ವಿಷಯವಾಗಿದೆ. ನಾನೂ ಕೆಲವು ವರ್ಷ ಹಾಗೆಯೇ ಮಾಡಿದ್ದೇನೆ, ಪೋಷಕರು ಮೆಚ್ಚಿಕೊಂಡಿದ್ದರು.

ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ರಜೆಯಲ್ಲಿ ಮಕ್ಕಳನ್ನು ಸಿಇಟಿ ತರಬೇತಿಗೆ ಸೇರಿಸಬೇಕೇ ಎಂದೂ ಕೇಳುತ್ತಾರೆ. ಸಿಇಟಿಯ ಗಣಿತದಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಪ್ರಶ್ನೆಗೆ ಒಂದು ನಿಮಿಷ 20 ಸೆಕೆಂಡು, ಆದ್ದರಿಂದ ಅಲ್ಲಿ ಅಡ್ಡದಾರಿಗಳನ್ನು ಕಲಿಸುವುದು ಸಹಜ. ಗೀಟು ಎಳೆಯುವ ಹುಡುಗನಿಗೆ ಇನ್ನಷ್ಟು ಅಡ್ಡದಾರಿ ಬೇಕಿಲ್ಲ. ಆ ರಜೆಯಲ್ಲಿ ಎಂಟು ಮತ್ತು ಒಂಬತ್ತನೆಯ ಪುಸ್ತಕಗಳ ಅಪವರ್ತನ, ಬಹುಪದೋಕ್ತಿ, ಭಿನ್ನರಾಶಿಯ ಲೆಕ್ಕಗಳನ್ನು, ಪ್ರತಿ ಉತ್ತರಕ್ಕೂ ಒಂದು ಸಂಖ್ಯೆ ಹಾಕಿ ತಾಳೆ ನೋಡುತ್ತ, ಮತ್ತೊಮ್ಮೆ ಬಿಡಿಸಿದರೆ ಸಾಕು ಎಂಬುದು ನನ್ನ ಸಲಹೆ. ಈಗಾಗಲೇ ಪಿಯುಸಿಗೆ ಸೇರಿದವರಿಗೆ ಭಾನುವಾರಗಳಿವೆ.

ಆ ದಿನ ತಂದೆಗೆ ಎಂಟನೆಯ ಗಣಿತ ಪುಸ್ತಕ ತನ್ನಿ ಎಂದೆ. ರದ್ದಿಗೆ ಹಾಕಿಬಿಟ್ಟಿದ್ದರಂತೆ. ಮುಂದಿನ ಭಾನುವಾರ ಹುಡುಗ ಪಕ್ಕದ ಮನೆಯ ಹುಡುಗಿಯ ಪುಸ್ತಕವನ್ನು ಎರವಲು ತಂದಿದ್ದ, ಸಂಜೆ ಆರರೊಳಗೆ ವಾಪಸು ಕೊಡಬೇಕೆಂದು ಅವಳು ತಾಕೀತು ಮಾಡಿದ್ದಳಂತೆ.